ನಿಂತ ಕಾಲಿನ ಧರ್ಮ

ಶ್ರೀರಂಗಪಟ್ಟಣದಲ್ಲಿ ದೇವರು ಮಲಗಿದ್ದಾನೆ. ಕಾವೇರಿಯ ನಡುಗಡ್ಡೆಯಲ್ಲಿ, ಆದಿಶೇಷನ ಮೇಲೆ ಮೈಚಾಚಿ ವಿಶ್ರಾಂತನಾಗಿದ್ದಾನೆ ರಂಗನಾಥ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಬಂದರೆ ಬೆಟ್ಟದ ತುದಿಯಲ್ಲಿ ದೇವರು ಕುಳಿತಿದ್ದಾನೆ. ಮಡಿಸಿದ ಮಂಡಿಗಳಿಗೆ ಯೋಗಪಟ್ಟ ಬಿಗಿದುಕೊಂಡ ನರಸಿಂಹ. ನಾಗಮಂಗಲದಲ್ಲಿ ಸೌಮ್ಯಕೇಶವ ಎದ್ದು ನಿಂತಿದ್ದಾನೆ. ಎರಡೂ ಪಾದ ಸಮ, ಎರಡೂ ಭುಜ ಸಮ. ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ, 13ನೆಯ ಶತಮಾನದ ಹೊಯ್ಸಳರ ಲಕ್ಷ್ಮೀನಾರಾಯಣ ದೇಗುಲದ ಮೂರು ಗರ್ಭಗುಡಿಗಳಲ್ಲಿ ಒಂದರೊಳಗೆ, ವೇಣುಗೋಪಾಲ ಕೊಳಲು ಹಿಡಿದು ಒಂದೇ ಕಾಲಿನ ಮೇಲೆ ಭಾರವಿಟ್ಟಿದ್ದಾನೆ. ಇನ್ನೊಂದು ಕಾಲು ಅಡ್ಡ ಬಂದು, ಬೆರಳ ತುದಿಯಿಂದಷ್ಟೇ ನೆಲವನ್ನು ಮುಟ್ಟಿದೆ.

ನಾಲ್ಕು ತಾಲ್ಲೂಕು, ನಾಲ್ಕು ಭಂಗಿ. ಈ ಕ್ರಮದಲ್ಲಿ ನೋಡುತ್ತ ಹೋದಂತೆ ನೆಲಕ್ಕೂ ದೇಹಕ್ಕೂ ಇರುವ ಸಂಪರ್ಕ ಕಿರಿದಾಗುತ್ತ ಹೋಗುತ್ತದೆ. ಮಲಗಿದವನಿಗೆ ಮೈಯುದ್ದದ ನೆಲ ಬೇಕು. ಕುಳಿತವನಿಗೆ ಒಂದು ಮಣೆ ಸಾಕು. ನಿಂತವನಿಗೆ ಎರಡು ಪಾದಗಳ ಜಾಗ. ವೇಣುಗೋಪಾಲನಿಗೆ ಒಂದು ಅಂಗಾಲು. ಹೊರಗಿನ ಆಧಾರ ಕುಗ್ಗಿದಷ್ಟೂ ಒಳಗಿನ ಎಚ್ಚರ ಹಿಗ್ಗಬೇಕು. ಶಿಶು ಬೆಳೆಯುವುದೂ ಇದೇ ಕ್ರಮದಲ್ಲಿ. ಮೊದಲು ಅಂಗಾತ ಮಲಗುತ್ತದೆ, ಆಮೇಲೆ ಕೂರುತ್ತದೆ, ಆಮೇಲೆ ಗೋಡೆ ಹಿಡಿದು ನಿಲ್ಲುತ್ತದೆ. ವರ್ಷ ತುಂಬುವ ಆಸುಪಾಸಿನಲ್ಲಿ ಒಂದು ದಿನ ಹೆಜ್ಜೆ ಇಡುತ್ತದೆ. ಮನೆಮಂದಿಯೆಲ್ಲ ಮುಂದೆ ಬಂದ ಪುಟ್ಟ ಕಾಲನ್ನು ನೋಡಿ ಸಂಭ್ರಮಿಸುತ್ತೇವೆ. ಆ ಕ್ಷಣದ ನಿಜವಾದ ಸಾಹಸ ಹಿಂದೆ ಉಳಿದ ಕಾಲಿನದು. ಇಡೀ ದೇಹವನ್ನು ಅದು ಮೊದಲ ಬಾರಿಗೆ ತಾನೊಂದೇ ಹೊತ್ತಿತ್ತು.

ಎರಡು ಕಾಲಿನ ಮೇಲೆ ನಡೆಯುತ್ತೇವೆಂದು ನಾವೆಲ್ಲ ನಂಬಿದ್ದೇವೆ. ನಡಿಗೆಯನ್ನು ಅಳೆದವರ ಲೆಕ್ಕ ಬೇರೆ. ಒಂದು ಹಿಮ್ಮಡಿ ನೆಲ ಮುಟ್ಟಿದ ಗಳಿಗೆಯಿಂದ ಅದೇ ಹಿಮ್ಮಡಿ ಮತ್ತೆ ನೆಲ ಮುಟ್ಟುವವರೆಗಿನ ಅವಧಿ ಅವರಿಗೆ ಒಂದು ಆವರ್ತ. ಆ ಆವರ್ತದಲ್ಲಿ ಎರಡೂ ಪಾದ ಒಟ್ಟಿಗೆ ನೆಲದಲ್ಲಿರುವುದು ಸುಮಾರು ಶೇ. 20ರಷ್ಟು ಹೊತ್ತು ಮಾತ್ರ. ಉಳಿದ ಶೇ. 80ರಷ್ಟು ಹೊತ್ತು ಒಂದು ಪಾದ ನೆಲದಲ್ಲಿ, ಇನ್ನೊಂದು ಗಾಳಿಯಲ್ಲಿ. ಓಟದಲ್ಲಂತೂ ಎರಡೂ ಪಾದ ಒಟ್ಟಿಗೆ ಊರುವ ಗಳಿಗೆಯೇ ಇಲ್ಲ. ಊರಿದ ಒಂದೊಂದು ಪಾದವೂ ದೇಹತೂಕದ ಎರಡರಿಂದ ಮೂರು ಪಟ್ಟು ಬಲವನ್ನು ತಾನೊಂದೇ ಸ್ವೀಕರಿಸುತ್ತದೆ. ನಮ್ಮ ಗರಡಿಮನೆಗಳಲ್ಲಿ ಬಸ್ಕಿ ಹೊಡೆಯುವುದು ಎರಡು ಕಾಲೂರಿ. ಆದರೆ ಮಟ್ಟಿಗೆ ಇಳಿದ ಪೈಲ್ವಾನ ಎದುರಾಳಿಯನ್ನು ಎತ್ತಿ ಒಗೆಯುವ ಹೊತ್ತಿಗೆ ಎಷ್ಟೋ ಸಲ ಒಂದೇ ಕಾಲಿನ ಮೇಲಿರುತ್ತಾನೆ. ಕಬಡ್ಡಿಯಲ್ಲಿ ಇದು ನಿಯಮವಾಗಿಯೇ ಸೇರಿಕೊಂಡಿದೆ. ಅಂಕಣದಲ್ಲಿ ಎದುರಾಳಿಗಳು ಆರು ಮಂದಿ ಅಥವಾ ಹೆಚ್ಚು ಇರುವಾಗ ರೈಡರ್ ಬೋನಸ್ ಗೆರೆಯ ಆಚೆ ಒಂದು ಕಾಲನ್ನು ಊರಬೇಕು, ಹಿಂದಿನ ಕಾಲು ಆಗ ಗಾಳಿಯಲ್ಲಿರಬೇಕು. ಆಗ ಮಾತ್ರ ಆ ಒಂದು ಅಂಕ.

ಪಾಂಡವಪುರದ ಕಡೆ ಒಂದು ಶಾಲೆಯ ಮೈದಾನ. ಹಿಂದೆ ಕುಂತಿಬೆಟ್ಟದ ಬಂಡೆಗಳು, ಮುಂದೆ ಕಬ್ಬಿನ ಗದ್ದೆ. ಬಿಸಿಲೇರುವ ಮುನ್ನ ಕಬಡ್ಡಿ ಆಡುವ ಹುಡುಗಿಯರು ಅಲ್ಲಿ ಸೇರುತ್ತಾರೆ. ಕಬ್ಬಿಣದ ತೂಕಗಳಿಲ್ಲ, ಯಂತ್ರಗಳಿಲ್ಲ. ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚಿದೆ. ಹುಡುಗಿ ಅದಕ್ಕೆ ಬೆನ್ನು ಮಾಡಿ ನಿಂತು, ಒಂದು ಪಾದವನ್ನು ಹಿಂದಕ್ಕೆ ಮಡಿಸಿ ಕಲ್ಲಿನ ಮೇಲಿಡುತ್ತಾಳೆ. ಮುಂದಿನ ಕಾಲಿನ ಮೇಲೆ ನಿಧಾನವಾಗಿ ಇಳಿಯುತ್ತಾಳೆ, ನಿಧಾನವಾಗಿ ಏಳುತ್ತಾಳೆ. ಹೊರಜಗತ್ತಿನ ತರಬೇತುದಾರರು ಇದನ್ನು ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ ಎಂದು ಕರೆಯುತ್ತಾರೆ. ಇಲ್ಲಿ ಅದು ಒಂಟಿಕಾಲು ಬಸ್ಕಿ. ಬಲಗಾಲಿನಲ್ಲಿ ಸಲೀಸಾಗಿ ನಡೆಯುತ್ತದೆ. ಎಡಗಾಲಿನ ಸರದಿ ಬಂದಾಗ ಪಾದ ಅದುರುತ್ತದೆ. ಬೆರಳುಗಳು ಮಣ್ಣನ್ನು ಗೀರಿ ಹಿಡಿಯುತ್ತವೆ. ಮಂಡಿ ಮೆಲ್ಲಗೆ ಒಳಮುಖವಾಗಿ ಜಾರುತ್ತದೆ.

"ಸಾರ್, ಬಲಗಾಲಲ್ಲಿ ಆಯ್ತದೆ, ಎಡಗಾಲಲ್ಲಿ ಆಗಕಿಲ್ಲ" ಎನ್ನುತ್ತಾಳೆ.

"ಅದ್ಕೇ ಕಣವ್ವ, ನಾಳೆಯಿಂದ ಎಡಗಾಲಿಂದ್ಲೇ ಶುರು ಮಾಡು. ಎಡಗಾಲು ಎಷ್ಟು ಮಾಡ್ತದೋ ಬಲಗಾಲೂ ಅಷ್ಟೇ ಮಾಡ್ಲಿ" ಎನ್ನುತ್ತಾರೆ ಮೇಷ್ಟ್ರು.

ಎರಡೂ ಕಾಲೂರಿ ಬಸ್ಕಿ ಹೊಡೆಯುತ್ತಿದ್ದಾಗ ಆ ಎಡಗಾಲಿನ ದೌರ್ಬಲ್ಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳಿಗೂ ತಿಳಿದಿರಲಿಲ್ಲ. ಬಲಗಾಲು ತನ್ನ ಪಾಲಿಗಿಂತ ಕೊಂಚ ಹೆಚ್ಚು ಹೊತ್ತಿತ್ತು, ಎಡಗಾಲು ಕೊಂಚ ಕಡಿಮೆ. ಮೊತ್ತ ಸರಿಯಿತ್ತು, ಆದ್ದರಿಂದ ಲೆಕ್ಕ ಯಾರೂ ಕೇಳಲಿಲ್ಲ. ನಮ್ಮ ಮನೆಗಳಲ್ಲಿ, ದಾಂಪತ್ಯಗಳಲ್ಲಿ, ಅಣ್ಣತಮ್ಮಂದಿರ ಒಕ್ಕಲುತನದಲ್ಲಿ ನಡೆಯುವುದೂ ಬಹುಪಾಲು ಇದೇ. ಜೊತೆಗಿದ್ದವರು ಒಂದು ವಾರ ಊರಿಗೆ ಹೋದಾಗ ನಮಗೆ ಸಂಗತಿಗಳು ತಿಳಿಯತೊಡಗುತ್ತವೆ. ಅಪ್ಪನ ಮಾತ್ರೆ ಯಾವ ಹೊತ್ತಿನದು, ಹಾಲಿನವರ ಬಾಕಿ ಎಷ್ಟು, ನೀರಿನ ಸರದಿ ಯಾವ ದಿನ, ಯಾವುದೂ ನಮಗೆ ಗೊತ್ತಿರುವುದಿಲ್ಲ. ಇಷ್ಟು ದಿನ ನಾವೇ ನಡೆಸುತ್ತಿದ್ದೇವೆ ಎಂದುಕೊಂಡ ಸಂಸಾರದ ಅರ್ಧ ಭಾರ ಬೇರೆ ಹೆಗಲ ಮೇಲಿತ್ತು. ಇದರಲ್ಲಿ ವಂಚನೆಯಿಲ್ಲ. ದುರ್ಬಲವಾದುದನ್ನು ಸಬಲವಾದುದು ಸದ್ದಿಲ್ಲದೆ ಮುಚ್ಚಿಕೊಳ್ಳುವುದು ದೇಹದ ಸ್ವಭಾವ, ಮನೆಯ ಸ್ವಭಾವವೂ ಹೌದು. ಮುಚ್ಚಿದ್ದು ಬೆಳೆಯುವುದಿಲ್ಲ ಎಂಬುದೊಂದೇ ಅದರ ತೊಡಕು. ಬೆಂಚಿನ ಬಳಿ ಎಡಗಾಲು ನಡುಗಿದ ದಿನವೇ ಅದರ ಬೆಳವಣಿಗೆಯ ಮೊದಲ ದಿನ.

ಎರಡೂ ಕಾಲು ಕೂಡಿ ದುಡಿಯುವುದು ನಾವು ಎಣಿಸಿದಷ್ಟು ಸರಳವೂ ಅಲ್ಲ. ಎಡ ಮತ್ತು ಬಲ ಕಾಲುಗಳಿಂದ ಪ್ರತ್ಯೇಕವಾಗಿ ಒತ್ತಿಸಿ, ಬಲವನ್ನು ಅಳೆದು ಕೂಡಿಸುತ್ತಾರೆ. ಆಮೇಲೆ ಎರಡರಿಂದಲೂ ಒಮ್ಮೆಗೇ ಒತ್ತಿಸುತ್ತಾರೆ. ಅನೇಕರಲ್ಲಿ ಕೂಡಿ ಒತ್ತಿದ ಬಲ ಆ ಮೊತ್ತಕ್ಕಿಂತ ಕಡಿಮೆ ಬರುತ್ತದೆ. ಶರೀರಶಾಸ್ತ್ರಜ್ಞರು ಇದನ್ನು ದ್ವಿಪಾರ್ಶ್ವ ಕೊರತೆ ಎನ್ನುತ್ತಾರೆ. ಭಾರ ಎತ್ತುವ ಕ್ರೀಡಾಪಟುಗಳಂತೆ ಎರಡನ್ನೂ ಒಟ್ಟಿಗೆ ವರ್ಷಗಟ್ಟಲೆ ಪಳಗಿಸಿದವರಲ್ಲಿ ಈ ಕೊರತೆ ಅಳಿಯುತ್ತದೆ; ಕೆಲವರಲ್ಲಿ ತಿರುಗುಮುರುಗೂ ಆಗುತ್ತದೆ. ಒಂಟಿಯಾಗಿ ನಿಲ್ಲುವುದು ಹೇಗೆ ಒಂದು ಅಭ್ಯಾಸವೋ ಜೊತೆಯಾಗಿ ದುಡಿಯುವುದೂ ಹಾಗೆಯೇ ಒಂದು ಅಭ್ಯಾಸ. ಎರಡೂ ತಾವಾಗಿ ಬರುವುದಿಲ್ಲ. ಕೂಡಿ ಬಾಳುವುದು ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ಭಾವಿಸಿ ನಾವು ಎಷ್ಟೋ ಸಲ ಸೋತಿದ್ದೇವೆ.

ಒಂಟಿಯಾಗಿ ನಿಂತ ಕಾಲು ಮಾಡುವ ಕೆಲಸ ಯಾವುದು? ಭಾರ ಹೊರುವುದು ಎಂದರೆ ಅದು ಅರ್ಧ ಉತ್ತರ. ಬಲಗಾಲನ್ನು ಎತ್ತಿದೊಡನೆ ಸೊಂಟದ ಬಲಬದಿಗೆ ಕೆಳಗಿನ ಆಸರೆ ತಪ್ಪುತ್ತದೆ. ಆ ಬದಿ ಕುಸಿಯಬೇಕು. ಕುಸಿಯುವುದಿಲ್ಲ. ಅದನ್ನು ತಡೆದು ಹಿಡಿಯುವ ಸ್ನಾಯು ಇರುವುದು ಎಡಗಡೆ, ನಿಂತ ಕಾಲಿನ ಕಡೆ, ಪೃಷ್ಠದ ಪಕ್ಕದಲ್ಲಿ. ವೈದ್ಯರು ಅದನ್ನು ಗ್ಲೂಟಿಯಸ್ ಮೀಡಿಯಸ್ ಎನ್ನುತ್ತಾರೆ. ಎಡ ಅಂಗೈಯನ್ನು ಎಡಸೊಂಟದ ಮೂಳೆಯ ಅಂಚಿನ ಕೆಳಗೆ ಒತ್ತಿ ಇಟ್ಟುಕೊಂಡು ಬಲಗಾಲನ್ನು ಎತ್ತಿ ನೋಡಬಹುದು. ಅಂಗೈಯಡಿಯ ಮಾಂಸ ಗಟ್ಟಿಯಾಗುತ್ತದೆ. ಕಾಲು ಇಳಿಸಿದೊಡನೆ ಮೆದುವಾಗುತ್ತದೆ. ಆ ಸ್ನಾಯು ಎಡಗಾಲನ್ನು ಎಲ್ಲಿಗೂ ಒಯ್ಯುತ್ತಿಲ್ಲ. ನೆಲ ಕಳೆದುಕೊಂಡ ಬಲಬದಿ ಬೀಳದಂತೆ ನೋಡಿಕೊಳ್ಳುವುದೇ ಅದರ ಆ ಹೊತ್ತಿನ ಕಾಯಕ.

ಇದರ ಬೆಲೆ ಸಣ್ಣದಲ್ಲ. ಸೊಂಟದ ಕೀಲನ್ನು ಒಂದು ತಕ್ಕಡಿಯ ನಡುಮುಳ್ಳು ಎಂದುಕೊಂಡರೆ, ಅದರ ದಂಡದ ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಉದ್ದ ತೋಳಿನ ತುದಿಯಲ್ಲಿ ದೇಹದ ಭಾರವಿದೆ. ಗಿಡ್ಡ ತೋಳಿನ ತುದಿಯಲ್ಲಿ ಸ್ನಾಯು ಎಳೆಯುತ್ತದೆ. ದೇಹದ ತೂಕ 60 ಕೆ.ಜಿ. ಎಂದಿಟ್ಟುಕೊಳ್ಳೋಣ. ನಿಂತ ಕಾಲಿನ ತೂಕವನ್ನು ಕಳೆದರೆ ಕೀಲಿನ ಮೇಲೆ ಉಳಿಯುವುದು ಸುಮಾರು 50 ಕೆ.ಜಿ. ತೋಳಿನ ಉದ್ದ ಇಮ್ಮಡಿ ಇರುವುದರಿಂದ ಅದನ್ನು ಸರಿದೂಗಿಸಲು ಸ್ನಾಯು 100 ಕೆ.ಜಿ.ಯಷ್ಟು ಎಳೆಯಬೇಕು. ಎರಡೂ ಸೇರಿ ಕೀಲಿನ ಮೇಲೆ ಬೀಳುವುದು ಹೆಚ್ಚುಕಡಿಮೆ 150 ಕೆ.ಜಿ., ಅಂದರೆ ದೇಹತೂಕದ ಎರಡೂವರೆ ಪಟ್ಟು. ಬರಿದೆ ಒಂದು ಕಾಲಿನ ಮೇಲೆ ನಿಂತಾಗಿನ ಲೆಕ್ಕ ಇದು. ತನ್ನದೇ ಬದಿಯ ಭಾರಕ್ಕಾಗಿ ಆ ಸ್ನಾಯು ಇಷ್ಟು ದುಡಿಯುವುದಿಲ್ಲ. ಎತ್ತಿದ ಕಾಲಿನ ಬದಿಯನ್ನು ಸಮದಲ್ಲಿಡಲು ಇಷ್ಟು ದುಡಿಯುತ್ತದೆ. ಮರುಹೆಜ್ಜೆಯಲ್ಲಿ ಪಾತ್ರ ಬದಲಾಗುತ್ತದೆ. ಇದುವರೆಗೆ ಹೊರಿಸಿಕೊಂಡ ಬದಿ ಈಗ ಹೊರುತ್ತದೆ. ಹೊತ್ತ ಬದಿ ಈಗ ಗಾಳಿಯಲ್ಲಿ ಹಗುರಾಗಿ ಮುಂದಕ್ಕೆ ತೂಗುತ್ತದೆ. ದಿನಕ್ಕೆ ಸಾವಿರಾರು ಬಾರಿ ನಮ್ಮೊಳಗೆ ಈ ಋಣದ ಕೊಡುಕೊಳೆ ನಡೆಯುತ್ತದೆ. ನಾವದನ್ನು ನಡಿಗೆ ಎಂದು ಕರೆದು ಮರೆತುಬಿಡುತ್ತೇವೆ.

ಕಲಿಯುಗದಲ್ಲಿ ಧರ್ಮವೆಂಬ ವೃಷಭ ಒಂದೇ ಕಾಲಿನ ಮೇಲೆ ನಿಂತಿದೆ ಎಂಬ ಪುರಾಣದ ಮಾತನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಉಳಿದ ಆ ಒಂದು ಕಾಲು ಸತ್ಯ ಎನ್ನುತ್ತದೆ ಭಾಗವತ. ಆ ಚಿತ್ರವನ್ನು ಪತನದ ಸಂಕೇತವಾಗಿಯೇ ನಾವು ಕಂಡಿದ್ದೇವೆ. ಕಳೆದುಹೋದ ಮೂರು ಕಾಲುಗಳ ಲೆಕ್ಕ ನಮಗೆ ಬಾಯಿಪಾಠವಾಗಿದೆ. ಮೂರರ ಭಾರವನ್ನೂ ಹೊತ್ತು ಇನ್ನೂ ಬೀಳದೆ ನಿಂತಿರುವ ನಾಲ್ಕನೆಯದರ ಕಡೆಗೆ ಗಮನ ಹೋದದ್ದು ಕಡಿಮೆ. ಸೊಂಟದ ಕೀಲಿನ ಈ ಲೆಕ್ಕ ತಿಳಿದ ಮೇಲೆ ಆ ಕಾಲಿಗೆ ಒಮ್ಮೆ ಕೈಮುಗಿಯಬೇಕೆನಿಸುತ್ತದೆ.

ಸೊಂಟದ ಪಕ್ಕದ ಆ ಸ್ನಾಯು ಸೋತಾಗ ಏನಾಗುತ್ತದೆಂಬುದನ್ನು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಎಡಗಾಲಿನ ಮೇಲೆ ನಿಲ್ಲಿಸಿದಾಗ ಸೊಂಟದ ಬಲಬದಿ ಇಳಿದರೆ ದೋಷವನ್ನು ಎಡಗಡೆ ಹುಡುಕಬೇಕು. ಇಂದಿಗೂ ವೈದ್ಯರು ರೋಗಿಯನ್ನು ಒಂದು ಕಾಲಿನ ಮೇಲೆ ನಿಲ್ಲಿಸಿ ಇದನ್ನೇ ನೋಡುತ್ತಾರೆ. ಕುಸಿದದ್ದು ಒಂದು ಕಡೆ, ಕಾರಣ ಇನ್ನೊಂದು ಕಡೆ. ಮೈದಾನದ ಹುಡುಗಿಯ ಮಂಡಿಯದೂ ಇಂಥದೇ ಕತೆ. ಮಂಡಿ ಒಳಕ್ಕೆ ಜಾರಿದ್ದು ನಮಗೆ ಕಾಣುತ್ತದೆ. ಆದರೆ ಮಂಡಿ ತೊಡೆಗೂ ಪಾದಕ್ಕೂ ನಡುವೆ ಸಿಕ್ಕ ಕೀಲು. ಮೇಲೆ ಸೊಂಟದ ಪಕ್ಕದ ಬಲ ಸಾಲದಿದ್ದರೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ. ಕೆಳಗೆ ಅಂಗಾಲಿನ ಕಮಾನು ಚಪ್ಪಟೆಯಾದರೆ ಕಣಕಾಲು ಒಳಕ್ಕೆ ವಾಲುತ್ತದೆ. ಎರಡರ ನಡುವೆ ಮಂಡಿ ನಿರಪರಾಧಿ. ಆದರೆ ದಂಡ ತೆರುವುದು ಅದೇ. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವ ಪ್ರಸಂಗಗಳಲ್ಲಿ ಹೆಚ್ಚಿನವು ಯಾರೂ ತಳ್ಳದೆ, ಯಾರೂ ಮುಟ್ಟದೆ, ಒಂದು ಕಾಲಿನ ಮೇಲೆ ಇಳಿಯುವಾಗಲೋ ಥಟ್ಟನೆ ತಿರುಗುವಾಗಲೋ ಆಗುವಂಥವು. ಹುಡುಗಿಯರಲ್ಲಿ ಈ ಅಪಾಯ ಹುಡುಗರಿಗಿಂತ ಹೆಚ್ಚು. ಆದ್ದರಿಂದ ಮೇಷ್ಟ್ರು ಮಂಡಿ ಎರಡನೆಯ ಬೆರಳಿನ ನೇರಕ್ಕೆ ಬರುವತನಕ ಇನ್ನೊಂದು ಬಸ್ಕಿಗೆ ಬಿಡುವುದಿಲ್ಲ. "ಸೊಂಟ ಸಮ ಇರ್ಲಿ, ಮಂಡಿ ತಾನೇ ನೇರ ಆಯ್ತದೆ" ಎನ್ನುತ್ತಾರೆ. ನಮ್ಮ ಮನೆಗಳಲ್ಲೂ ಮಧ್ಯದವರೊಬ್ಬರು ಇರುತ್ತಾರೆ. ಮೇಲಿನವರ ಬಿಗಿಗೂ ಕೆಳಗಿನವರ ಸಡಿಲಕ್ಕೂ ನಡುವೆ ನಿಂತು ನೋಯುವವರು. ಅವರ ನೋವನ್ನು ಅವರ ಸ್ವಭಾವದೋಷವೆಂದು ಬಗೆಯುವುದು ನಮಗೆಲ್ಲ ಬಹಳ ಸುಲಭ.

ಒಂಟಿಕಾಲಿನ ಅಭ್ಯಾಸದ ಇನ್ನೊಂದು ಉಪಕಾರವನ್ನೂ ಹೇಳಬೇಕು. ಹೆಗಲ ಮೇಲೆ ಕಬ್ಬಿಣದ ಸರಳು ಹೊತ್ತು ಎರಡು ಕಾಲಿನ ಬಸ್ಕಿ ಮಾಡುವಾಗ ಆ ಭಾರವಷ್ಟೂ ಬೆನ್ನುಮೂಳೆಯ ಮೂಲಕವೇ ಇಳಿಯುತ್ತದೆ. ಒಂದೇ ಕಾಲಿನಲ್ಲಿ ಮಾಡಿದರೆ ಬಹಳ ಕಡಿಮೆ ತೂಕದಲ್ಲಿ, ಕೆಲವೊಮ್ಮೆ ಬರಿಯ ದೇಹತೂಕದಲ್ಲೇ, ಕಾಲಿಗೆ ಬೇಕಾದ ಶ್ರಮ ಸಿಗುತ್ತದೆ. ಬೆನ್ನು ಉಳಿಯುತ್ತದೆ. ಸಾಮಗ್ರಿಗೆ ದುಡ್ಡಿಲ್ಲದ ಹಳ್ಳಿಶಾಲೆಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮ ನಮಗೆ ತೋಚದು.

ಮೇಲುಕೋಟೆಯ ನರಸಿಂಹನ ಮೆಟ್ಟಿಲುಗಳನ್ನು ಹತ್ತಿದವರಿಗೆ ಗೊತ್ತು, ಏದುಸಿರು ಹತ್ತುವಾಗಿನದು, ತೊಡೆಯ ನೋವು ಮಾರನೆಯ ದಿನದ್ದು. ಆ ನೋವು ಹೆಚ್ಚಾಗಿ ಇಳಿದದ್ದರ ಫಲ. ಹತ್ತುವಾಗ ಸ್ನಾಯು ಕುಗ್ಗುತ್ತ ಬಲ ಹಾಕುತ್ತದೆ. ಇಳಿಯುವಾಗ ಅದು ಹಿಗ್ಗುತ್ತ ಬಲ ಹಾಕಬೇಕು, ಸಡಿಲಗೊಳ್ಳುತ್ತಲೇ ಬಿಗಿಹಿಡಿಯಬೇಕು. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಕೊಡುವುದು ಈ ಎರಡನೆಯ ಕೆಲಸ. ಇಳಿಯುವಾಗಲೂ ಶ್ರಮ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನದೇ. ಅದು ಮಂಡಿ ಬಾಗಿಸುತ್ತ, ತಡೆಯುತ್ತ, ಇನ್ನೊಂದು ಪಾದವನ್ನು ಕೆಳಗಿನ ಕಲ್ಲಿಗೆ ಮೆಲ್ಲನೆ ಒಪ್ಪಿಸುತ್ತದೆ. ಆ ಮೆಟ್ಟಿಲುಗಳಲ್ಲಿ ಕೋಲೂರಿ ಇಳಿಯುವ ಹಿರಿಯರನ್ನೂ ಕಾಣುತ್ತೇವೆ. ಬಲಸೊಂಟ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ನಮಗೆ ಸಹಜವಾಗಿ ತೋಚುವುದು ನೋವಿನ ಕಡೆಗೇ ಕೋಲು ಹಿಡಿಯಬೇಕೆಂದು. ಆದರೆ ಎದುರುಬದಿಯ ಕೈ ಕೀಲಿನಿಂದ ಬಹಳ ದೂರದಲ್ಲಿದೆ. ಅಷ್ಟು ದೂರದಿಂದ ಕೋಲನ್ನು ಕೊಂಚ ಒತ್ತಿದರೂ ನೊಂದ ಬದಿಯ ಸ್ನಾಯುವಿನ ಶ್ರಮ ಬಹಳಷ್ಟು ಇಳಿಯುತ್ತದೆ. ನೋವಿಗೆ ತೀರಾ ಅಂಟಿಕೊಂಡು ನಿಂತ ಸಹಾಯಕ್ಕಿಂತ ತುಸು ದೂರದಿಂದ ಬಂದ ಸಹಾಯ ಇಲ್ಲಿ ಹೆಚ್ಚು ಫಲಿಸುತ್ತದೆ. ಭಾರದ ವಿಷಯದಲ್ಲಿ ಇದೇ ನಿಯಮ ತಿರುಗಿ ನಿಲ್ಲುತ್ತದೆ. ಬಲಗೈಯಲ್ಲಿ ನೀರು ತುಂಬಿದ ಬಕೆಟ್ ಹಿಡಿದು ನಡೆದರೆ ಹೆಚ್ಚು ದುಡಿಯುವುದು ಎಡಸೊಂಟ. ತರಬೇತುದಾರರು ಅದನ್ನೇ ಬಳಸಿಕೊಂಡು, ನಿಂತ ಕಾಲಿನ ಎದುರುಗೈಗೆ ತೂಕ ಕೊಟ್ಟು ಆ ಪಕ್ಕದ ಸ್ನಾಯುವನ್ನು ಬಲಪಡಿಸುತ್ತಾರೆ.

ಒಂದು ಕಾಲಿನ ಮೇಲೆ ನಿಲ್ಲುವುದಕ್ಕೆ ಎರಡು ದಾರಿಗಳಿವೆ. ಬಸ್ಸಿಗೆ ಕಾಯುವಾಗ ನಾವೆಲ್ಲ ಒಂದು ಸೊಂಟವನ್ನು ಹೊರಚಾಚಿ, ಇನ್ನೊಂದು ಬದಿಯನ್ನು ಜೋತುಬಿಟ್ಟು ನಿಲ್ಲುತ್ತೇವೆ. ಆಗ ಸ್ನಾಯು ಬಿಡುವು ಪಡೆಯುತ್ತದೆ. ತೊಡೆಯ ಹೊರಬದಿಯ ಗಟ್ಟಿಪಟ್ಟಿಯೊಂದು ಬಿಗಿದು ನಮ್ಮನ್ನು ಹಿಡಿದಿರುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡಿದರೆ ಬಣ್ಣದ ಕೊಕ್ಕರೆಗಳು ಒಂದು ಕಾಲನ್ನು ಮಡಿಸಿಕೊಂಡು ದೀರ್ಘಕಾಲ ನಿಂತಿರುವುದು ಕಾಣುತ್ತದೆ. ಅವುಗಳಂತೆಯೇ ಒಂದು ಕಾಲಿನ ಮೇಲೆ ನಿಲ್ಲುವ ರಾಜಹಂಸದ (ಫ್ಲೆಮಿಂಗೊ) ಮೇಲೆ ಅಮೆರಿಕದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸತ್ತ ರಾಜಹಂಸದ ದೇಹವೂ ಒಂದು ಕಾಲಿನ ಮೇಲೆ ಸ್ಥಿರವಾಗಿ ನಿಂತಿತು. ಎರಡು ಕಾಲಿನ ಮೇಲೆ ನಿಲ್ಲಲಿಲ್ಲ. ಹಕ್ಕಿಗೆ ಅದು ಎಲುಬಿನಲ್ಲೇ ಬಂದ ವರ, ಸ್ನಾಯುವಿನ ಶ್ರಮ ಬೇಡದ ವಿಶ್ರಾಂತಿ. ನಮಗೆ ಆ ವರವಿಲ್ಲ. ಸೊಂಟವನ್ನು ಸಮದಲ್ಲಿಟ್ಟು ಒಂದು ಕಾಲಿನ ಮೇಲೆ ನಿಂತ ಮನುಷ್ಯನ ಪಾದವನ್ನು ಹತ್ತಿರದಿಂದ ನೋಡಿದರೆ, ಕಣಕಾಲಿನ ಸ್ನಾಯುರಜ್ಜುಗಳು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರರ ನಡುವೆ ಭಾರ ಅತ್ತಿತ್ತ ಹರಿಯುತ್ತಲೇ ಇರುತ್ತದೆ. ಕಣ್ಣು ದಿಗಂತವನ್ನು ಹಿಡಿದಿರುತ್ತದೆ. ಒಳಗಿವಿ ತಲೆಯ ವಾಲಿಕೆಯನ್ನು ಅಳೆಯುತ್ತದೆ. ಅಂಗಾಲಿನ ಚರ್ಮ ನೆಲದ ಒತ್ತಡವನ್ನು ವರದಿ ಮಾಡುತ್ತದೆ. ಕಣ್ಣು ಮುಚ್ಚಿದರೆ ಈ ಮೂರರಲ್ಲಿ ಒಂದು ಸಾಕ್ಷಿ ಇಲ್ಲವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಕೆಲವೇ ಕ್ಷಣಗಳಲ್ಲಿ ಇನ್ನೊಂದು ಕಾಲನ್ನು ಊರುತ್ತೇವೆ. ಹೊಸಹೊಳಲಿನ ಶಿಲ್ಪಿಗೆ ಈ ಶಾಸ್ತ್ರದ ಪರಿಭಾಷೆ ತಿಳಿದಿರಲಿಲ್ಲ. ಆದರೆ ಕೊರಳು, ಸೊಂಟ, ಮಂಡಿ ಮೂರನ್ನೂ ಬಳುಕಿಸಿ, ಇಡೀ ಮೈಯ ಭಾರವನ್ನು ಊರಿದ ಅಂಗಾಲಿನ ಮೇಲಕ್ಕೆ ತಂದು ನಿಲ್ಲಿಸಿದ್ದಾನೆ. ಅವನು ಮನುಷ್ಯರು ನಿಲ್ಲುವುದನ್ನು ಬಹಳ ಪ್ರೀತಿಯಿಂದ ನೋಡಿದ್ದಿರಬೇಕು.

ಕೃಷ್ಣರಾಜಪೇಟೆಯ ಗಡಿ ದಾಟಿದರೆ ಹಾಸನ ಜಿಲ್ಲೆ. ಆ ಜಿಲ್ಲೆಯ ಎಚ್.ಎನ್. ಗಿರೀಶ ಹುಟ್ಟಿನಿಂದಲೇ ಒಂದು ಕಾಲಿನ ನ್ಯೂನತೆಯುಳ್ಳವರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ 1.74 ಮೀಟರ್ ದಾಟಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಚಿನ್ನ ಗೆದ್ದ ಫಿಜಿ ದೇಶದ ಇಲಿಯೇಸಾ ದೆಲಾನಾ ದಾಟಿದ್ದೂ ಅಷ್ಟೇ ಎತ್ತರವನ್ನು. ಬಾಲ್ಯದಲ್ಲೇ ಒಂದು ಕಾಲು ಕಳೆದುಕೊಂಡಿದ್ದ ಆತ ಇದ್ದ ಒಂದೇ ಕಾಲಿನಲ್ಲಿ ಕುಪ್ಪಳಿಸುತ್ತ ಬಂದು, ಅದೇ ಕಾಲಿನಿಂದ ಚಿಮ್ಮಿ, ಅಡ್ಡಪಟ್ಟಿಯ ಆಚೆ ಹಾರಿದ. ಎತ್ತರ ಜಿಗಿತದ ನಿಯಮವೇ ಒಂದು ಕಾಲಿನಿಂದ ಮಾತ್ರ ಚಿಮ್ಮಬೇಕು ಎಂದು. ಎರಡು ಕಾಲಿರುವವರಿಗೂ ಅದು ಅನ್ವಯ. ಅಲ್ಲಿ ಇಬ್ಬರನ್ನು ಬೇರ್ಪಡಿಸಿದ್ದು ಎತ್ತರವಲ್ಲ, ಪ್ರಯತ್ನಗಳ ಎಣಿಕೆ. ನಮ್ಮ ಹಳ್ಳಿಗಳ ಕುಂಟೆಬಿಲ್ಲೆಯ ಮನೆಗಳಲ್ಲಿ ಒಂದು ಕಾಲಿನಲ್ಲಿ ಕುಪ್ಪಳಿಸಿ ಬೆಳೆದ ನಾವೆಲ್ಲ ಆ ವಿದ್ಯೆಯ ಮೊದಲ ಪಾಠವನ್ನು ಕಲಿತಿದ್ದೆವು. ಅದನ್ನು ಯಾವಾಗ ಬಿಟ್ಟೆವು ಎಂಬುದು ನಮಗೆ ನೆನಪಿಲ್ಲ.

ಬಿಟ್ಟದ್ದಕ್ಕೆ ದೇಹ ಮುನಿಯುವುದಿಲ್ಲ, ಮೆಲ್ಲಗೆ ಕೈಬಿಡುತ್ತದೆ. 2022ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಒಂದು ಅಧ್ಯಯನ 51ರಿಂದ 75 ವರ್ಷದ 1702 ಮಂದಿಯನ್ನು 10 ಸೆಕೆಂಡ್ ಒಂದು ಕಾಲಿನ ಮೇಲೆ ನಿಲ್ಲಿಸಿ ನೋಡಿತು. ಸುಮಾರು ಐವರಲ್ಲಿ ಒಬ್ಬರಿಗೆ ಆಗಲಿಲ್ಲ. ಆಗದವರಲ್ಲಿ ಮುಂದಿನ ವರ್ಷಗಳ ಸಾವಿನ ಸಂಭವ ಹೆಚ್ಚು ಕಂಡಿತು. ನಿಲ್ಲಲಾರದ್ದೇ ಸಾವಿಗೆ ಕಾರಣ ಎಂದು ಅದರ ಅರ್ಥವಲ್ಲ. ಒಳಗಿನ ಅನೇಕ ಶಕ್ತಿಗಳು ಕುಂದಿದ್ದನ್ನು ಆ 10 ಸೆಕೆಂಡ್ ಒಟ್ಟಿಗೆ ಹೇಳುತ್ತದೆ. ಇದನ್ನು ಓದಿ ಯಾರೂ ಅಳುಕಬೇಕಾಗಿಲ್ಲ. ಈ ಶಕ್ತಿ ಯಾವ ವಯಸ್ಸಿನಲ್ಲೂ ಅಭ್ಯಾಸಕ್ಕೆ ಒಲಿಯುತ್ತದೆ. ಗೋಡೆಗೆ ಒಂದು ಬೆರಳು ತಾಗಿಸಿಕೊಂಡು, ಹಲ್ಲುಜ್ಜುವ ಹೊತ್ತಿನಲ್ಲಿ ಒಂದೊಂದು ಕಾಲಿಗೆ ಒಂದಿಷ್ಟು ಹೊತ್ತು ಕೊಟ್ಟರೆ ಅಂಗಾಲಿಗೆ ಹಳೆಯ ನೆನಪು ಮರಳತೊಡಗುತ್ತದೆ. ಬೆರಳಿನ ಆ ಸ್ಪರ್ಶ ಭಾರ ಹೊರುವುದಿಲ್ಲ. ನೆಲ ಎಲ್ಲಿದೆಯೆಂದು ದೇಹಕ್ಕೆ ತಿಳಿಸುತ್ತದೆ ಅಷ್ಟೇ. ಅಷ್ಟರಿಂದಲೇ ತೂಗಾಟ ಬಹಳ ಕಡಿಮೆಯಾಗುತ್ತದೆ.

ಕೊನೆಯದಾಗಿ ಹೇಳಬೇಕಾದದ್ದು ನಮಗೆ ಎಲ್ಲಕ್ಕಿಂತ ಆಶ್ಚರ್ಯ ತಂದ ಸಂಗತಿ. 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಆತನ ಸಂಗಡಿಗರು ಒಂದು ಕೈಗೆ ಮಾತ್ರ ಹಿಡಿತದ ಅಭ್ಯಾಸ ಕೊಡಿಸಿದರು. ಇನ್ನೊಂದು ಕೈ ಸುಮ್ಮನೆ ಇತ್ತು. ಕೊನೆಗೆ ಅಳೆದಾಗ ಸುಮ್ಮನಿದ್ದ ಕೈಯ ಬಲವೂ ಏರಿತ್ತು. ಅಂದಿನಿಂದ ಕೈಗಳಲ್ಲಿ, ಕಾಲುಗಳಲ್ಲಿ ಇದು ಮತ್ತೆ ಮತ್ತೆ ದೃಢಪಟ್ಟಿದೆ. ಅಭ್ಯಾಸ ಮಾಡದ ಕಾಲಿನ ಸ್ನಾಯು ದಪ್ಪವಾಗುವುದಿಲ್ಲ. ಬದಲಾಗುವುದು ಅದಕ್ಕೆ ಆಜ್ಞೆ ಒಯ್ಯುವ ನರಮಂಡಲ. ಒಂದು ಕಾಲು ಶ್ರಮಿಸುವಾಗ ಮಿದುಳಿನಲ್ಲಿ ಏಳುವ ಸಂದೇಶದ ಒಂದಂಶ ಎದುರುಬದಿಯ ಹಾದಿಗಳನ್ನೂ ಎಚ್ಚರವಾಗಿಡುತ್ತದೆ. ಆದ್ದರಿಂದಲೇ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಆಟಗಾರ್ತಿಗೆ ತಿಳಿದ ಫಿಸಿಯೋಥೆರಪಿಸ್ಟರು ಮನೆಯಲ್ಲಿ ಕೂತುಬಿಡು ಎನ್ನುವುದಿಲ್ಲ. ವೈದ್ಯರು ಒಪ್ಪಿದರೆ, ಕುರ್ಚಿಯಲ್ಲಿ ಕುಳಿತೇ, ಗಟ್ಟಿಯಿರುವ ಕಾಲಿನ ಅಭ್ಯಾಸವನ್ನು ದಿನವೂ ಮುಂದುವರಿಸು ಎನ್ನುತ್ತಾರೆ. ಅವಳು ಒಂದು ಕಾಲನ್ನು ಚಾಚಿ ತಡೆದು ಹಿಡಿಯುತ್ತಾಳೆ, ಇಳಿಸುತ್ತಾಳೆ, ಮತ್ತೆ ಚಾಚುತ್ತಾಳೆ. ಪಕ್ಕದಲ್ಲಿ ಬಿಳಿಯ ಪಟ್ಟಿಯೊಳಗೆ ಇನ್ನೊಂದು ಕಾಲು ಅಲ್ಲಾಡದೆ ಇರುತ್ತದೆ. ವಾರಗಳ ನಂತರ ಪ್ಲಾಸ್ಟರ್ ಬಿಚ್ಚಿ ತೊಡೆಗಳಿಗೆ ಟೇಪು ಸುತ್ತಿ ಅಳೆದರೆ ಆ ಕಾಲು ಇನ್ನೊಂದಕ್ಕಿಂತ ತೆಳ್ಳಗಿರುವುದು ಕಾಣುತ್ತದೆ. ಆದರೆ ಅಂಗೈಯ ಎದುರು ಒತ್ತು ಎಂದಾಗ, ಹಾಗೆಯೇ ಬಿಟ್ಟ ಕಾಲು ಕಳೆದುಕೊಳ್ಳುವಷ್ಟು ಬಲವನ್ನು ಅದು ಕಳೆದುಕೊಂಡಿರುವುದಿಲ್ಲ.